ಕೊಲೆಗಾರನ ಕಣ್ಣು ಬೇರೆ, ಬೆನ್ನು ಬೇರೆ

ಪ್ರಶ್ನೆ: ‘ಇನ್ ಎ ವಯಲೆಂಟ್ ನೇಚರ್’ ನೋಡಿದೆ. ಅರ್ಧ ಸಿನಿಮಾ ಕೊಲೆಗಾರ ಸುಮ್ನೆ ಕಾಡಲ್ಲಿ ನಡೀತಾನೇ ಇರ್ತಾನೆ. ಇದು ಹಳೇ ಸ್ಲಾಷರ್ ಸಿನಿಮಾಗಳಿಗೆ, ಅಂದರೆ ಕೊಲೆಗಾರ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುವ ಸಿನಿಮಾಗಳಿಗೆ ಸಲ್ಲಿಸಿದ ಗೌರವ ಅಂತಾರೆ. ಹಳೇ ಸಿನಿಮಾದಲ್ಲಿ ಇಷ್ಟೊಂದು ನಡಿಗೆ ಎಲ್ಲಿತ್ತು? ಮೊದಲ ಸಲ ಕೊಲೆಗಾರನ ಕಣ್ಣಿಂದ ಕಥೆ ಹೇಳಿದ್ದಾರೆ ಅನ್ನೋದು ಬಿಟ್ಟರೆ ಇದರಲ್ಲಿ ಏನಿದೆ?

ಉತ್ತರ: 2024ರಲ್ಲಿ ಸಿನಿಮಾ ಬಂದಾಗಿನಿಂದ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲ ಎರಡು ಸಾಲಲ್ಲಿ ಹೇಳಿ ಮುಗಿಸಿದೆ. ಅದಕ್ಕೇ ಇರಬೇಕು, ಮತ್ತೆ ಮತ್ತೆ ಬರುತ್ತಿದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ಕಥೆಯ ಕೊನೆವರೆಗೂ ಹೋಗುತ್ತೇನೆ, ದಾರಿಯಲ್ಲಿ ಹಳೇ ಸಿನಿಮಾಗಳ ಗುಟ್ಟೂ ಬಿಚ್ಚುತ್ತೇನೆ. ನೋಡದೇ ಇರುವವರು ನೋಡಿಕೊಂಡು ಬಂದು ಓದಿ.

ನಡಿಗೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಹಳೇ ಸ್ಲಾಷರ್‌ಗಳಲ್ಲಿ ಹುಡುಗ ಹುಡುಗಿಯರು ಎದ್ದುಬಿದ್ದು ಓಡುತ್ತಾರೆ. ಕೊಲೆಗಾರ ಒಂದೇ ಸಮ ನಡೆದುಕೊಂಡು ಬರುತ್ತಾನೆ. ಆದರೂ ಅವರು ಹೋಗಿ ನಿಂತ ಕಡೆ ಅವನು ಮೊದಲೇ ಇರುತ್ತಾನೆ. ಅದು ಹೇಗೆ ಅಂತ ನಾವೆಲ್ಲ ಒಂದಲ್ಲ ಒಂದು ಸಲ ಕೇಳಿದವರೇ, ಅಲ್ವಾ? ನಡುವಿನ ಆ ದಾರಿಯನ್ನು ಹಳೇ ಸಿನಿಮಾಗಳು ಕತ್ತರಿಸಿ ಬಿಸಾಡುತ್ತಿದ್ದವು. ಕೆನಡಾದ ನಿರ್ದೇಶಕ ಕ್ರಿಸ್ ನ್ಯಾಶ್ ಆ ಬಿಸಾಡಿದ ತುಂಡನ್ನೇ ಎತ್ತಿಕೊಂಡು ಸಿನಿಮಾ ಮಾಡಿದ್ದಾರೆ. ನಡಿಗೆ ಹಳೇ ಸಿನಿಮಾದಲ್ಲೂ ಇತ್ತು. ನಮಗೆ ತೋರಿಸಿರಲಿಲ್ಲ ಅಷ್ಟೇ.

ಇನ್ನು ಪ್ರಶ್ನೆಯ ಕೊನೆಯ ಮಾತು. ‘ಮೊದಲ ಸಲ ಕೊಲೆಗಾರನ ಕಣ್ಣಿಂದ.’ ಇದನ್ನು ಕೇಳಿದಾಗಲೆಲ್ಲ ನನಗೆ ಕೈಕೈ ಹಿಸುಕಿಕೊಳ್ಳುವ ಹಾಗಾಗುತ್ತದೆ. ಇದರಲ್ಲಿ ಎರಡು ತಪ್ಪಿದೆ. ಇದು ಮೊದಲ ಸಲವೂ ಅಲ್ಲ, ಕಣ್ಣಿಂದಲೂ ಅಲ್ಲ.

ಮೊದಲ ಸಲ ಅಲ್ಲ ಅನ್ನೋದಕ್ಕೆ ಬಹಳ ಹಿಂದೆ ಹೋಗಬೇಕು. 1931ರ ‘ಡಾ. ಜೆಕಿಲ್ ಆ್ಯಂಡ್ ಮಿಸ್ಟರ್ ಹೈಡ್’ ಶುರುವಾಗುವುದೇ ಡಾಕ್ಟರ್ ಕಣ್ಣಿಂದ. ಆರ್ಗನ್ ನುಡಿಸುವ ಕೈಗಳು ಕಾಣುತ್ತವೆ, ಮುಖ ಕಾಣೋದಿಲ್ಲ. ಅವನು ಕನ್ನಡಿ ಮುಂದೆ ನಿಂತಾಗಲೇ ನಮಗೆ ಅವನ ಮುಖ ಗೊತ್ತಾಗುವುದು. ಅವನಿನ್ನೂ ಯಾರನ್ನೂ ಕೊಂದಿರುವುದಿಲ್ಲ ನಿಜ. ಕೊಂದವನ ಕಣ್ಣೇ ಬೇಕು ಅಂದರೆ 1960ಕ್ಕೆ ಬನ್ನಿ. ಬ್ರಿಟನ್‌ನ ಮೈಕಲ್ ಪವೆಲ್ ‘ಪೀಪಿಂಗ್ ಟಾಮ್’ ಮಾಡಿದರು. ಅದರ ಕೊಲೆಗಾರ ಕೈಯಲ್ಲಿ ಕ್ಯಾಮೆರಾ ಹಿಡಿದೇ ಕೊಲ್ಲುತ್ತಾನೆ. ಮೊದಲ ಕೊಲೆಯನ್ನು ನಾವು ನೋಡುವುದು ಅವನ ಕ್ಯಾಮೆರಾದ ಕಿಂಡಿಯಿಂದ, ನಡುವೆ ಎಳೆದ ಗೆರೆಗಳ ಸಮೇತ. ಬ್ರಿಟನ್ನಿನ ವಿಮರ್ಶಕರು ಆ ಸಿನಿಮಾ ಮೇಲೆ ಎಷ್ಟು ಹರಿಹಾಯ್ದರು ಅಂದರೆ ಪವೆಲ್ ಅವರಿಗೆ ಅಲ್ಲಿ ಕೆಲಸ ಸಿಗುವುದೇ ಕಷ್ಟವಾಯಿತು.

1974ರಲ್ಲಿ ಬಾಬ್ ಕ್ಲಾರ್ಕ್ ಅವರ ‘ಬ್ಲ್ಯಾಕ್ ಕ್ರಿಸ್‌ಮಸ್’ ಬಂತು. ಇದೂ ಕೆನಡಾದ್ದೇ. ಕ್ರಿಸ್‌ಮಸ್ ಹೊತ್ತು, ಕಾಲೇಜು ಹುಡುಗಿಯರು ಇರುವ ಮನೆ, ಹೊರಗೆ ಯಾರದೋ ಏದುಸಿರು. ಆ ಉಸಿರಿನವನು ಗೋಡೆಗೆ ಆನಿಸಿದ ಮರದ ಜಾಲರಿ ಹಿಡಿದು ಅಟ್ಟಕ್ಕೆ ಹತ್ತುತ್ತಾನೆ, ನಾವೂ ಅವನ ಕಣ್ಣಲ್ಲಿ ಹತ್ತುತ್ತೇವೆ. ನಡೆಯುವಾಗ ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಸ್ಟೆಡಿಕ್ಯಾಮ್ ಅನ್ನುವ ಸಾಧನ ಆಗ ಇನ್ನೂ ಸಿನಿಮಾಕ್ಕೆ ಬಂದಿರಲಿಲ್ಲ. ಕ್ಯಾಮೆರಾ ಆಪರೇಟರ್ ಬರ್ಟ್ ಡಂಕ್ ಕ್ಯಾಮೆರಾವನ್ನು ಮೈಗೆ ಕಟ್ಟಿಕೊಂಡು ತಾವೇ ಹತ್ತಿದರು. ಈ ಕೆಲಸಕ್ಕೂ ನ್ಯಾಶ್ ಸಿನಿಮಾಕ್ಕೂ ನಡುವೆ ಸರಿಯಾಗಿ 50 ವರ್ಷ.

ಆಮೇಲೆ 1978ರ ‘ಹ್ಯಾಲೋವೀನ್’. ಆರಂಭದ ದೃಶ್ಯ ಒಂದೇ ಉಸಿರಲ್ಲಿ ಸಾಗುತ್ತದೆ. ಯಾರೋ ಮನೆಯನ್ನು ಸುತ್ತು ಹಾಕುತ್ತಾರೆ. ಅಡುಗೆಮನೆಗೆ ಬಂದು ಡ್ರಾಯರ್‌ನಿಂದ ಚಾಕು ತೆಗೆಯುತ್ತಾರೆ. ಮೆಟ್ಟಿಲು ಹತ್ತುತ್ತಾರೆ, ಮುಖವಾಡ ಹಾಕಿಕೊಳ್ಳುತ್ತಾರೆ. ತಕ್ಷಣ ಪರದೆಯೆಲ್ಲ ಕಪ್ಪಾಗಿ ಎರಡು ತೂತು ಮಾತ್ರ ಉಳಿಯುತ್ತವೆ. ಕೊನೆಗೆ ಮನೆ ಮುಂದೆ ಕಾರು ನಿಲ್ಲುತ್ತದೆ, ಯಾರೋ ಮುಖವಾಡ ಕಿತ್ತು ತೆಗೆಯುತ್ತಾರೆ. ನೋಡಿದರೆ ಆರು ವರ್ಷದ ಹುಡುಗ. ಸಾವಿರ ಸಲ ಹೊಗಳಿಸಿಕೊಂಡ ದೃಶ್ಯ ಇದು. ಎರಡು ವರ್ಷ ಬಿಟ್ಟು ‘ಫ್ರೈಡೇ ದಿ ಥರ್ಟೀನ್ತ್’ ಇದೇ ಉಪಾಯವನ್ನು ಸಿನಿಮಾ ಉದ್ದಕ್ಕೂ ಬಳಸಿತು. ಅದೇ 1980ರಲ್ಲಿ ಅಮೆರಿಕದ ವಿಮರ್ಶಕರಾದ ಸಿಸ್ಕೆಲ್ ಮತ್ತು ಈಬರ್ಟ್, ಈ ಕ್ಯಾಮೆರಾ ಪ್ರೇಕ್ಷಕರನ್ನು ಕೊಲೆಗಾರನ ಜಾಗದಲ್ಲಿ ನಿಲ್ಲಿಸುತ್ತಿದೆ ಅಂತ ಟಿವಿಯಲ್ಲಿ ಕೂತು ತಕರಾರು ಎತ್ತಿದರು. ಅಷ್ಟು ಹಳೇ ಜಗಳ ಇದು. ಅದನ್ನು 2024ರಲ್ಲಿ ‘ಮೊದಲ ಸಲ’ ಅನ್ನುವುದು ಹೇಗೆ?

ಎರಡನೇ ತಪ್ಪು ಇನ್ನೂ ದೊಡ್ಡದು. ನ್ಯಾಶ್ ಸಿನಿಮಾ ಕೊಲೆಗಾರನ ಕಣ್ಣಿಂದ ಇಲ್ಲವೇ ಇಲ್ಲ. ಇನ್ನೊಮ್ಮೆ ಹಾಕಿ ನೋಡಿ. ಕೊಲೆಗಾರ ಜಾನಿಯ ಬೆನ್ನು ಕಾಣುತ್ತದೆ. ಭುಜ ಕಾಣುತ್ತದೆ, ಬೋಳು ತಲೆಯ ಹಿಂಭಾಗ ಕಾಣುತ್ತದೆ. ಯಾರಿಗಾದರೂ ತನ್ನ ಬೆನ್ನು ತನಗೆ ಕಾಣುತ್ತದಾ? ‘ಕೊಲೆಗಾರನ ದೃಷ್ಟಿಯಿಂದ’ ಅಂತ ಎಲ್ಲರೂ ಬರೆದರು, ಗೊಂದಲ ಶುರುವಾಗಿದ್ದೇ ಅಲ್ಲಿ. ನಮ್ಮಲ್ಲಿ ದೃಷ್ಟಿ ಅಂದರೆ ಕಣ್ಣೂ ಹೌದು, ನಿಂತು ನೋಡುವ ಕಡೆಯೂ ಹೌದು. ಸಿನಿಮಾ ಇರುವುದು ಜಾನಿಯ ಕಡೆ. ಅವನ ಕಣ್ಣಿನ ಒಳಗಲ್ಲ. ವಿಡಿಯೋ ಗೇಮ್ ಆಡುವವರಿಗೆ ಈ ಫರಕು ಹೇಳಿಕೊಡಬೇಕಾಗಿಲ್ಲ. ಬರೀ ಬಂದೂಕು ಹಿಡಿದ ಕೈ ಕಾಣುವ ಆಟವೇ ಬೇರೆ, ಆಟಗಾರನ ಬೆನ್ನ ಹಿಂದೆ ಹೋಗುವ ಆಟವೇ ಬೇರೆ.

‘ಕಣ್ಣೋ ಬೆನ್ನೋ, ಎರಡೂ ಒಂದೇ ಅಲ್ವಾ’ ಅಂತ ಕೇಳುವವರೂ ಇದ್ದಾರೆ. ಒಂದೇ ಅಲ್ಲ. ಪೂರ್ತಿ ಉಲ್ಟಾ.

ಕಣ್ಣಿನ ಶಾಟ್ ಕೊಲೆಗಾರನನ್ನು ಬಚ್ಚಿಡುತ್ತದೆ. ಅವನ ಒಳಗೇ ಕೂತರೆ ಅವನು ಯಾರು ಅಂತ ಕಾಣುವುದಿಲ್ಲ. ಹ್ಯಾಲೋವೀನ್‌ನ ಆ ದೃಶ್ಯದಲ್ಲಿ ಚಾಕು ತೆಗೆಯುವ ಕೈ ಹುಡುಗನದ್ದಲ್ಲ, ಸಿನಿಮಾದ ನಿರ್ಮಾಪಕಿ ಡೆಬ್ರಾ ಹಿಲ್ ಅವರದ್ದು. ಆ ಶಾಟ್‌ನಲ್ಲಿ ಯಾರ ಕೈ ಆದರೂ ನಡೆಯುತ್ತದೆ. ‘ಫ್ರೈಡೇ ದಿ ಥರ್ಟೀನ್ತ್’ನಲ್ಲಿ ಒಬ್ಬ ಹುಡುಗಿ ಜೀಪ್ ಹತ್ತುತ್ತಾಳೆ. ತನಗೆ ಮಕ್ಕಳೆಂದರೆ ಇಷ್ಟ ಅಂತೆಲ್ಲ ಡ್ರೈವರ್ ಜೊತೆ ಮಾತಾಡುತ್ತಾಳೆ. ಡ್ರೈವರ್ ಮುಖ ಒಮ್ಮೆಯೂ ತೋರಿಸುವುದಿಲ್ಲ. ಕ್ಯಾಂಪ್ ಕಡೆ ತಿರುಗಬೇಕಾದ ದಾರಿ ದಾಟಿ ಜೀಪು ಮುಂದೆ ಹೋದಾಗ ಅವಳ ಮುಖ ಬದಲಾಗುತ್ತದೆ. ಇಷ್ಟೆಲ್ಲ ಬಚ್ಚಿಟ್ಟಿದ್ದು ಯಾಕೆ? ಕೊಲೆಗಾರ್ತಿ ಒಬ್ಬ ತಾಯಿ ಅನ್ನೋದನ್ನು ಕೊನೆವರೆಗೂ ಕಾಪಾಡೋಕೆ. ಹೌದು, ಮೊದಲ ಭಾಗದಲ್ಲಿ ಕೊಲ್ಲುವುದು ಈ ಸರಣಿಯ ಹೆಸರಾಂತ ಕೊಲೆಗಾರ ಜೇಸನ್ ಅಲ್ಲ, ಅವನ ಅಮ್ಮ. ಜೇಸನ್ ಹಾಕುವ ಹಾಕಿ ಆಟದ ಮುಖವಾಡ ಬಂದಿದ್ದು 1982ರ ಮೂರನೇ ಭಾಗದಲ್ಲಿ. 1996ರ ‘ಸ್ಕ್ರೀಮ್’ ಶುರುವಿನಲ್ಲಿ ಫೋನ್ ಮಾಡಿದವನು ಒಬ್ಬ ಹುಡುಗಿಯನ್ನು ಕೇಳುವುದೂ ಇದನ್ನೇ, ಆ ಮೊದಲ ಭಾಗದ ಕೊಲೆಗಾರ ಯಾರು ಅಂತ. ಆ ಹುಡುಗಿ ‘ಜೇಸನ್’ ಅಂದಳು, ಸೋತಳು.

ಬೆನ್ನಿನ ಶಾಟ್ ಏನನ್ನೂ ಬಚ್ಚಿಡುವುದಿಲ್ಲ. ಯಾರು, ಎಲ್ಲಿಂದ ಬಂದ, ಎಲ್ಲಿಗೆ ಹೊರಟ, ಎಲ್ಲ ಕಣ್ಣೆದುರೇ ಇದೆ. ‘ಯಾರಿರಬಹುದು’ ಅನ್ನುವ ಕುತೂಹಲ ಹೋಯಿತು. ‘ಎಲ್ಲಿಂದ ಹಾರಿ ಬೀಳುತ್ತಾನೋ’ ಅನ್ನುವ ಭಯವೂ ಹೋಯಿತು. ಸ್ಲಾಷರ್ ಸಿನಿಮಾ ನಿಂತಿರುವ ಎರಡು ಕಂಬಗಳನ್ನೇ ತೆಗೆದು, ಮನೆ ನಿಲ್ಲುತ್ತದಾ ಅಂತ ನೋಡುವ ಧೈರ್ಯ ಇದು. ನನಗೆ ಈ ಸಿನಿಮಾ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ.

ಹಾಗಂತ ಈ ಬೆನ್ನು ಗಾಳಿಯಿಂದ ಬಂದಿದ್ದೂ ಅಲ್ಲ. ಮತ್ತೆ ಹ್ಯಾಲೋವೀನ್‌ಗೇ ಹೋಗೋಣ. ಬೆಳಗಿನ ಹೊತ್ತು. ನಾಯಕಿ ಲೋರಿ, ಶುರುವಿನಲ್ಲಿ ಕಂಡ, ಈಗ ಪಾಳುಬಿದ್ದ ಆ ಮನೆ ಬಾಗಿಲ ಹತ್ತಿರ ಕೀ ಇಟ್ಟು ವಾಪಸ್ ಹೋಗುತ್ತಾಳೆ. ಫುಟ್‌ಪಾತ್ ಮೇಲೆ ತನ್ನ ಪಾಡಿಗೆ ಹಾಡಿಕೊಂಡು ದೂರ ದೂರ ನಡೆಯುತ್ತಾಳೆ. ಖಾಲಿ ರಸ್ತೆ, ಒಳ್ಳೆ ಬಿಸಿಲು. ಅಷ್ಟರಲ್ಲಿ ಫ್ರೇಮಿನ ಅಂಚಿನಿಂದ ಒಂದು ಭುಜ ಒಳಗೆ ಬರುತ್ತದೆ. ಜೊತೆಗೆ ಉಸಿರಿನ ಸದ್ದು. ಇಷ್ಟೇ, ಕೆಲವೇ ಸೆಕೆಂಡ್. ಆ ಭುಜದ ಹಿಂದೆ ಒಂದೂವರೆ ಗಂಟೆ ನಿಂತರೆ ಏನಾಗುತ್ತದೆ? ‘ಇನ್ ಎ ವಯಲೆಂಟ್ ನೇಚರ್’ ಆಗುತ್ತದೆ. ಗೌರವ ಅಂದರೆ ನಾನು ಅರ್ಥ ಮಾಡಿಕೊಳ್ಳುವುದು ಇದನ್ನ. ಹಳೇ ಮುಖವಾಡ ತಂದು ಹೊಸ ತಲೆಗೆ ಸಿಕ್ಕಿಸುವುದು ಯಾರಿಗೂ ಬರುತ್ತದೆ. ಹಳೇ ಸಿನಿಮಾದ ಒಂದು ಶಾಟ್ ಹಿಡಿದು, ಅದು ಏನು ಮಾಡುತ್ತಿದೆ ಅಂತ ತಿಳಿದುಕೊಂಡು, ಅದನ್ನೇ ಬೆಳೆಸುವುದು ಬೇರೆ ಮಟ್ಟದ ಕೆಲಸ. ಬೆನ್ನ ಹಿಂದೆ ನಡೆಯುವುದಕ್ಕೆ ನ್ಯಾಶ್ ಅವರಿಗೆ ಇನ್ನೊಬ್ಬ ಗುರುವೂ ಇದ್ದಾರೆ. ಗಸ್ ವ್ಯಾನ್ ಸ್ಯಾಂಟ್ ಹೆಸರನ್ನು ಅವರೇ ಹೇಳಿದ್ದಾರೆ. ಅವರ 2003ರ ‘ಎಲಿಫೆಂಟ್’ನಲ್ಲಿ ಕ್ಯಾಮೆರಾ ಶಾಲೆಯ ಉದ್ದುದ್ದ ಕಾರಿಡಾರ್‌ಗಳಲ್ಲಿ ಮಕ್ಕಳ ಬೆನ್ನ ಹಿಂದೆ ಹೀಗೇ ಹೋಗುತ್ತದೆ.

ಈಗ ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. ಬಿದ್ದುಹೋದ ಗೋಪುರದ ಅವಶೇಷ, ಒಂದು ಪೈಪಿಗೆ ನೇತುಹಾಕಿದ ಲಾಕೆಟ್. ಹುಡುಗರ ಮಾತು ಕೇಳುತ್ತದೆ, ಹುಡುಗರು ಕಾಣುವುದಿಲ್ಲ. ಒಂದು ಕೈ ಬಂದು ಲಾಕೆಟ್ ತೆಗೆದುಕೊಂಡು ಹೋಗುತ್ತದೆ. ಬೇರೆ ಯಾವ ಸಿನಿಮಾ ಆದರೂ ಆ ಹುಡುಗರ ಹಿಂದೆ ಹೋಗುತ್ತಿತ್ತು. ಇಲ್ಲಿ ಕ್ಯಾಮೆರಾ ಕದಲುವುದಿಲ್ಲ. ಮಾತು ದೂರವಾಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ನೆಲ ಅಲುಗುತ್ತದೆ, ಮಣ್ಣಿನಿಂದ ಜಾನಿ ಏಳುತ್ತಾನೆ. ಸಿನಿಮಾ ಯಾರ ಜೊತೆ ಇರುತ್ತದೆ ಅಂತ ಮೊದಲ ಶಾಟ್‌ನಲ್ಲೇ ಹೇಳಿಬಿಟ್ಟಿದ್ದಾರೆ. ಆಮೇಲೆ ರಾತ್ರಿ ಆ ಹುಡುಗರು ಬೆಂಕಿ ಸುತ್ತ ಕೂತು ಜಾನಿ ಸತ್ತ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಬೆಂಕಿ ಸುತ್ತ ಕೂತು ದೆವ್ವದ ಕಥೆ ಹೇಳುವುದು ಈ ಜಾತಿಯ ಸಿನಿಮಾಗಳಷ್ಟೇ ಹಳೆಯದು. ಆದರೆ ನಾವು ಬೆಂಕಿಯ ಹತ್ತಿರ ಇಲ್ಲ. ಆಚೆ ಕತ್ತಲಲ್ಲಿ, ಅವರನ್ನು ಸುತ್ತು ಹಾಕುತ್ತಿರುವ ಜಾನಿಯ ಹಿಂದೆ ಇದ್ದೇವೆ. ಅವನದೇ ಕಥೆ ಅವನ ಕಿವಿಗೆ ಬೀಳುತ್ತಿದೆ. ಅವನು ನಿಲ್ಲುವುದೂ ಇಲ್ಲ, ತಿರುಗುವುದೂ ಇಲ್ಲ.

ಕೊನೆಯಲ್ಲಿ ಏನಾಗುತ್ತದೆ ಅನ್ನೋದನ್ನು ನೋಡಿದರೆ ಈ ಬೆನ್ನಿನ ಲೆಕ್ಕ ಪೂರ್ತಿ ತಿಳಿಯುತ್ತದೆ. ಉಳಿದ ಒಬ್ಬಳು, ಕ್ರಿಸ್, ಓಡುತ್ತಾಳೆ. ಆಗ ಕ್ಯಾಮೆರಾ ಜಾನಿಯನ್ನು ಬಿಟ್ಟು ಅವಳ ಜೊತೆ ಹೊರಡುತ್ತದೆ. ಅಲ್ಲಿವರೆಗೂ ಅವನೆಲ್ಲಿದ್ದಾನೆ ಅಂತ ನಮಗೆ ಪ್ರತಿ ಕ್ಷಣ ಗೊತ್ತಿತ್ತು. ಈಗ ಗೊತ್ತಿಲ್ಲ. ಪ್ರತಿ ಮರದ ಹಿಂದೆಯೂ ಅವನಿರಬಹುದು. ಇಡೀ ಸಿನಿಮಾ ಹತ್ತಿಕ್ಕಿಟ್ಟಿದ್ದ ಭಯ ಆಗ ಒಂದೇ ಸಲ ಬರುತ್ತದೆ. ನನಗಂತೂ ಅಷ್ಟು ಹೊತ್ತು ನೋಡಿ ಬೇಜಾರಾಗಿದ್ದ ಆ ಬೆನ್ನು ಮತ್ತೆ ಕಾಣಬಾರದೇ ಅನ್ನಿಸಿಬಿಟ್ಟಿತು.

ನೀವು ಕೇಳದೇ ಇದ್ದರೂ ಒಂದು ಮಾತು ಹೇಳಲೇಬೇಕು. ಈ ಸಿನಿಮಾದಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಹಕ್ಕಿ, ಗಾಳಿ, ಹುಳ, ಜಾನಿಯ ಕಾಲಡಿ ಮುರಿಯುವ ಕಡ್ಡಿ, ಒಣಗಿದ ಎಲೆ. ಹಳೇ ಸಿನಿಮಾಗಳನ್ನು ಇಷ್ಟೊಂದು ಪ್ರೀತಿಸುವವರು ಸಂಗೀತವನ್ನೇ ಯಾಕೆ ಬಿಟ್ಟರು? ಅದಕ್ಕೂ ಬೆನ್ನೇ ಕಾರಣ ಅಂತ ನನ್ನ ಲೆಕ್ಕ. ‘ಫ್ರೈಡೇ ದಿ ಥರ್ಟೀನ್ತ್’ಗೆ ಸಂಗೀತ ಕೊಟ್ಟ ಹ್ಯಾರಿ ಮ್ಯಾನ್‌ಫ್ರೆಡಿನಿ ಒಂದು ನಿಯಮ ಇಟ್ಟುಕೊಂಡಿದ್ದರು. ಕೊಲೆಗಾರ ಹತ್ತಿರ ಇದ್ದರೆ ಮಾತ್ರ ಸಂಗೀತ. ಕಣ್ಣಿಗೆ ಕಾಣದವನು ಬಂದಿದ್ದಾನೆ ಅಂತ ಕಿವಿಗೆ ಹೇಳಬೇಕಲ್ಲ? ಆ ಸಂಗೀತದಲ್ಲಿ ಎಲ್ಲರೂ ‘ಚ ಚ ಚ’ ಅಂತ ಅನುಕರಿಸುವ ಸದ್ದು ನಿಜವಾಗಿ ‘ಕಿ ಕಿ ಕಿ, ಮ ಮ ಮ’. ‘ಕಿಲ್ ಹರ್, ಮಮ್ಮಿ’ (ಅವಳನ್ನು ಕೊಲ್ಲು, ಅಮ್ಮ) ಅನ್ನುವ ಮಾತಿನ ಮೊದಲ ತುಣುಕುಗಳು. ಮ್ಯಾನ್‌ಫ್ರೆಡಿನಿ ತಾವೇ ಮೈಕ್ ಮುಂದೆ ನಿಂತು ಹೇಳಿ, ಅದಕ್ಕೆ ಪ್ರತಿಧ್ವನಿ ಕೂಡಿಸಿದರು. ಅಂದರೆ ಕೊಲ್ಲುತ್ತಿರುವುದು ತಾಯಿ ಅನ್ನೋದು ಆ ಸದ್ದಿನಲ್ಲೇ ಇತ್ತು. 1980ರಲ್ಲಿ ಅದನ್ನು ಯಾರು ಹಿಡಿದಾರು!

ಜಾನಿ ಕಣ್ಣೆದುರೇ ಇದ್ದಾನೆ. ಅವನು ಬಂದ ಅಂತ ಯಾವ ಸಂಗೀತವೂ ಹೇಳಬೇಕಾಗಿಲ್ಲ. ಅವನ ಹೆಜ್ಜೆಯೇ ಆ ಕೆಲಸ ಮಾಡುತ್ತದೆ. ಆದ್ದರಿಂದಲೇ ಕೊನೆಯಲ್ಲಿ ಹೆಜ್ಜೆ ನಿಂತಾಗ ಕಿವಿ ತಾನಾಗಿ ಅದನ್ನೇ ಹುಡುಕುತ್ತದೆ. ಕ್ರಿಸ್ ರಸ್ತೆಗೆ ಬರುತ್ತಾಳೆ, ಒಬ್ಬ ಹೆಂಗಸು ಅವಳನ್ನು ತನ್ನ ವಾಹನಕ್ಕೆ ಹತ್ತಿಸಿಕೊಳ್ಳುತ್ತಾಳೆ. ಕರಡಿಯ ಕಥೆಯೊಂದನ್ನು ನಿಧಾನಕ್ಕೆ ಹೇಳುತ್ತಾಳೆ. ನಡುವೆ ಗಾಡಿ ನಿಲ್ಲಿಸಿ ಕ್ರಿಸ್ ಕಾಲಿನ ಗಾಯಕ್ಕೆ ಕಟ್ಟು ಕಟ್ಟುತ್ತಾಳೆ. ಕ್ರಿಸ್ ಕಣ್ಣು ಮಾತ್ರ ರಸ್ತೆ ಪಕ್ಕದ ಮರಗಳ ಮೇಲೆ. ನಮ್ಮದೂ ಅಲ್ಲೇ. ಯಾವ ಹೆಜ್ಜೆಯೂ ಕೇಳುವುದಿಲ್ಲ.

ಆ ಹೆಂಗಸಿನ ಪಾತ್ರ ಮಾಡಿದವರು ಲಾರೆನ್ ಮೇರಿ ಟೇಲರ್. 1981ರಲ್ಲಿ ‘ಫ್ರೈಡೇ ದಿ ಥರ್ಟೀನ್ತ್’ನ ಎರಡನೇ ಭಾಗದಲ್ಲಿ ಜೇಸನ್ ಕೈಗೆ ಸಿಕ್ಕಿ ಸಾಯುವ ಹುಡುಗಿಯರಲ್ಲಿ ಒಬ್ಬಳು ಅವರೇ. 43 ವರ್ಷ ಆದ ಮೇಲೆ, ಬದುಕಿ ಬಂದ ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಡಿನಿಂದ ದೂರ ಕರೆದುಕೊಂಡು ಹೋಗುತ್ತಿದ್ದಾರೆ.