ಪೋಸ್ಟರ್ ಬೇಡ, ಅಕ್ಷರ ಕೊಡಿ

ಪೇಟೆಬೀದಿಯ ವರ್ತಕರ ಸಂಘದವರು ವೆಬ್‌ಸೈಟ್ ಹೊಸದಾಗಿ ಮಾಡಿಸಲು ನನ್ನ ಬಳಿ ಬಂದರೆ ಬಣ್ಣ, ಲೋಗೊ, ಮುಖಪುಟದಲ್ಲಿ ಯಾವ ಅಧ್ಯಕ್ಷರ ಫೋಟೊ ಎಂದು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಅದೆಲ್ಲ ಹೇಗೋ ಬಗೆಹರಿಯುತ್ತದೆ. ಯಾವ ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬ ಪಟ್ಟಿ ಕೊಡಿ ಎಂದಾಗ ಮಾತ್ರ ಪ್ರತಿ ಸಲವೂ ಒಂದೇ ಕಥೆ. ಪ್ರಿಂಟಿಂಗ್ ಪ್ರೆಸ್‌ನವರು ಮಾಡಿಕೊಟ್ಟ ಪೋಸ್ಟರ್ ವಾಟ್ಸಾಪ್‌ನಲ್ಲಿ ಬಂದು ಬೀಳುತ್ತದೆ. "ಇದನ್ನೇ ಹಾಕ್ಬಿಡಮ್ಮ, ಎಲ್ಲಾ ಇದರಲ್ಲೇ ಇದೆ."

ನಿಮ್ಮ ಕಣ್ಣಿಗೆ ಇದೆ, ನಿಜ. ಕಂಪ್ಯೂಟರಿಗೆ ಅದು ಬಣ್ಣದ ಚುಕ್ಕೆಗಳ ಗುಂಪು. ನೀವು 'ಬಾಗಿನದ ಮೊರ' ಎಂದು ದೊಡ್ಡದಾಗಿ ಬರೆಸಿದ್ದೀರಿ, ಆದರೆ ಆ ಪುಟದಲ್ಲಿ 'ಮೊರ' ಎಂಬ ಪದವೇ ಇಲ್ಲ. ಗೌರಿ ಹಬ್ಬ ನಾಲ್ಕು ದಿನ ಇರುವಾಗ ವೈಟ್‌ಫೀಲ್ಡ್‌ನಲ್ಲಿ ಮನೆ ಮಾಡಿರುವ ಹುಡುಗಿ ಫೋನಿನಲ್ಲಿ 'ಬಾಗಿನದ ಮೊರ ಎಲ್ಲಿ ಸಿಗುತ್ತೆ' ಎಂದು ಹುಡುಕುತ್ತಾಳೆ. ನಿಮ್ಮ ಗ್ರಂಧಿಗೆ ಅಂಗಡಿಯಲ್ಲಿ ಮೊರ, ಬಿಚ್ಚೋಲೆ, ಕರಿಬಳೆ, ಅರಿಶಿನ, ರವಿಕೆ ಕಣ ಎಲ್ಲವೂ ಬಾಗಿಲ ತನಕ ಪೇರಿಸಿಟ್ಟಿರುತ್ತದೆ. ಅವಳಿಗೆ ಮಾತ್ರ ನಿಮ್ಮ ಬೀದಿಯೇ ಸಿಗುವುದಿಲ್ಲ. ಈಗಿನ ಹುಡುಕಾಟದ ತಂತ್ರಾಂಶಗಳು ಚಿತ್ರದೊಳಗಿನ ಅಕ್ಷರವನ್ನೂ ಒಂದಿಷ್ಟು ಓದುತ್ತವೆ. ಆದರೆ ಬಳ್ಳಿ ಚಿತ್ತಾರದ ಮೇಲೆ ಹಳದಿ ಬಣ್ಣದಲ್ಲಿ ಬರೆದ ಕನ್ನಡವನ್ನು ಸರಿಯಾಗಿ ಓದುತ್ತವೆ ಎಂದು ನಂಬಿ ಕೂರಬೇಡಿ. ಅಕ್ಷರ ಹಾಕಿದ ಮಾತ್ರಕ್ಕೆ ಗೂಗಲ್‌ನಲ್ಲಿ ಮೊದಲು ಬರುತ್ತೀರಿ ಎಂಬ ಭರವಸೆಯನ್ನೂ ನಾನು ಕೊಡುವುದಿಲ್ಲ. ಹಾಕದಿದ್ದರೆ ಓಟಕ್ಕೇ ನಿಲ್ಲುವುದಿಲ್ಲ, ಅಷ್ಟೆ.

ನಿಮ್ಮ ಸೈಟನ್ನು ನೀವೇ ಪರೀಕ್ಷಿಸಬಹುದು. ಫೋನಿನಲ್ಲಿ ಪುಟ ತೆರೆದು ಒಂದು ಪದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಆ ಪದವೊಂದೇ ನೀಲಿಯಾಗಿ ಆಯ್ಕೆಯಾದರೆ ಅದು ಅಕ್ಷರ. 'ಚಿತ್ರ ಉಳಿಸಿ' ಎಂದು ಕೇಳಿದರೆ ಅದು ಪೋಸ್ಟರ್.

"ಸರಿ, ಪ್ರೆಸ್‌ನವರ ಫೈಲೇ ಕೊಡ್ತೀವಿ" ಎನ್ನುತ್ತಾರೆ. ಅದರಿಂದ ಕಾಪಿ ಮಾಡಿ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲು. ನುಡಿ, ಬರಹ ತಂತ್ರಾಂಶ ಮಾಡಿದವರ ಕೆಲಸ ಸಣ್ಣದಲ್ಲ. ನಮ್ಮ ಊರಿನ ಪ್ರೆಸ್‌ಗಳಲ್ಲಿ ಕನ್ನಡ ಕಂಪ್ಯೂಟರಿಗೆ ಹತ್ತಿದ್ದು ಆ ತಂತ್ರಾಂಶಗಳಿಂದಲೇ. ಆದರೆ ವೆಬ್‌ಗೆ ಬೇಕಾದ್ದು ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಟ್ಟಿರುವ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ವ್ಯವಸ್ಥೆ. 1991ರ ಮೊದಲ ಆವೃತ್ತಿಯಲ್ಲೇ ಅದರಲ್ಲಿ ಕನ್ನಡ ಇತ್ತು. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಬಳಸಿ. ಆಮೇಲೆ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟುಗಳು ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಡುತ್ತವೆ, ಯೂನಿಕೋಡ್ ನಾವು ಉಚ್ಚರಿಸುವ ಕ್ರಮದಲ್ಲಿ ರಕಾರವನ್ನು ಮೊದಲು ಇಡುತ್ತದೆ. ಪರಿವರ್ತಕ ಎಡವುವುದು ಹೆಚ್ಚಾಗಿ ಅಲ್ಲೇ. ಕರ್ಪೂರ, ದರ್ಭೆ, ಖರ್ಜೂರ: ಗ್ರಂಧಿಗೆ ಅಂಗಡಿಯ ಪಟ್ಟಿಯಲ್ಲಿ ಇವು ತಪ್ಪಿದರೆ ಇನ್ನೇನು ಉಳಿಯಿತು?

ಸಂಘದಲ್ಲಿ ಒಬ್ಬರಾದರೂ ಕೇಳುವ ಇನ್ನೊಂದು ಮಾತು, "ಈಗ ಕನ್ನಡ ಯಾರು ಓದ್ತಾರಮ್ಮ, ಇಂಗ್ಲಿಷ್‌ನಲ್ಲೇ ಮಾಡ್ಬಿಡು." ಎರಡೂ ಹಾಕೋಣ. ಆದರೆ ಕನ್ನಡವನ್ನು ಅಕ್ಷರವಾಗಿ ಹಾಕಿದರೆ ಹಿಂದಿಯವರು, ತಮಿಳಿನವರು ಬ್ರೌಸರ್‌ನಲ್ಲೇ ಅನುವಾದಿಸಿಕೊಂಡು ಓದುತ್ತಾರೆ. ಪೋಸ್ಟರಿನಲ್ಲಿ ಆ ಸೌಕರ್ಯವಿಲ್ಲ. ಕಣ್ಣು ಕಾಣದವರ ಫೋನು ಅಕ್ಷರವನ್ನು ಕನ್ನಡದಲ್ಲೇ ಗಟ್ಟಿಯಾಗಿ ಓದಿ ಹೇಳುತ್ತದೆ, ಪೋಸ್ಟರ್ ಬಂದರೆ 'ಚಿತ್ರ' ಎಂದು ಹೇಳಿ ಮುಂದಕ್ಕೆ ಹೋಗುತ್ತದೆ. ಅಕ್ಷರ ದೊಡ್ಡದು ಮಾಡಿಕೊಂಡು ಫೋನ್ ನೋಡುವ ವಯಸ್ಸಾದವರೇ ನಿಮ್ಮ ಹಳೆಯ ಗಿರಾಕಿಗಳು. ಅವರು ಪೋಸ್ಟರನ್ನು ಎರಡು ಬೆರಳಲ್ಲಿ ಎಳೆದೆಳೆದು ಓದಬೇಕೇ?

ಸೈಟಿನಲ್ಲಿ ಪೇಟೆಯ ಇತಿಹಾಸದ ಪುಟ ಬೇಡ ಎನ್ನುತ್ತಿಲ್ಲ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು 1898ರ ಪ್ಲೇಗ್ ಕಾಲದಲ್ಲಿ ಎದ್ದವು, ಅಲ್ಲಿನ ಪೇಟೆಬೀದಿಗಳು ಅವುಗಳ ಜೊತೆ ಬೆಳೆದವು. ಬರೆಯಿರಿ, ಅದನ್ನೂ ಅಕ್ಷರದಲ್ಲೇ.

ದರದ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರಕ್ಕೆ ಬೆಳಿಗ್ಗೆ ಇದ್ದ ಬೆಲೆ ಸಂಜೆಗೆ ಇರುವುದಿಲ್ಲ. ಪೋಸ್ಟರಿನಲ್ಲಿ ಒಂದು ಅಂಕಿ ತಿದ್ದಲು ಮತ್ತೆ ಪ್ರೆಸ್‌ಗೆ ಹೋಗಬೇಕು, ಹಾಗಾಗಿ ಯಾರೂ ತಿದ್ದುವುದಿಲ್ಲ. ಒಂದು ಮಾರುಕಟ್ಟೆಯ ಸೈಟಿನಲ್ಲಿ ಶ್ರಾವಣದ ಹೂವಿನ ದರ ಕಡಲೆಕಾಯಿ ಪರಿಷೆಯ ಹೊತ್ತಿಗೂ ಹಾಗೇ ಇತ್ತು. ಅದನ್ನು ನೋಡಿಕೊಂಡು ಬಂದ ಗಿರಾಕಿ ಹೂವಿನಮ್ಮನ ಮುಂದೆ ಫೋನ್ ಹಿಡಿದು ಜಗಳಕ್ಕೆ ನಿಂತರು. ಆಕೆ ಸೈಟನ್ನು ಒಮ್ಮೆಯೂ ನೋಡಿದವರಲ್ಲ. ಮೊಳಕ್ಕೆ ಇನ್ನೊಂದು ಗೇಣು ಸೇರಿಸಿ ಕೊಟ್ಟು ಕಳಿಸಿದರು. ನಷ್ಟ ಆಕೆಯದು. ದರವನ್ನು ದಿನಾಂಕದ ಜೊತೆ ಅಕ್ಷರದಲ್ಲಿ ಹಾಕಿ. ತಿದ್ದಲು ಪುರುಸೊತ್ತಿಲ್ಲದಿದ್ದರೆ ದರವೇ ಬೇಡ.

ಟೈಪ್ ಮಾಡುವವರು ಯಾರು ಎಂಬ ಚಿಂತೆ ಬಿಡಿ. ಕನ್ನಡ ಕೀಲಿಮಣೆಯ ಮೈಕ್ ಗುರುತು ಒತ್ತಿ ಹೇಳುತ್ತಾ ಹೋದರೆ ಫೋನೇ ಬರೆದುಕೊಳ್ಳುತ್ತದೆ. ಹೂವಿನಮ್ಮನಿಗೆ ಫೋನ್ ಕೊಟ್ಟೆವು; ಸೇವಂತಿಗೆ, ಕಾಕಡ, ಮರುಗ, ಪತ್ರೆ, ತುಳಸಿ, ಗರಿಕೆ ಎಂದು ಒಂದೇ ಉಸಿರಿಗೆ ಹೇಳಿದರು. ಪೋಸ್ಟರಿನಲ್ಲಿ ಇದ್ದದ್ದು 'ಎಲ್ಲಾ ತರಹದ ಹೂವುಗಳು' ಅಷ್ಟೆ. ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ, ಯಾರಾದರೂ ಒಮ್ಮೆ ಓದಿ ತಿದ್ದಬೇಕು. ಫೋನ್ ನಂಬರ್ ಹಾಕುವ ಮುಂಚೆ ಆಯಾ ಅಂಗಡಿಯವರನ್ನೇ ಕೇಳಿ. ಹಬ್ಬದ ಗಿರಾಕಿ ಮಧ್ಯೆ ಕರೆ ತೆಗೆದುಕೊಳ್ಳಲು ಆಗುವುದಿಲ್ಲ ಎಂದವರ ನಂಬರ್ ಬಿಟ್ಟು, ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಲ್ಲಿದೆ ಎಂದು ಬರೆದರೆ ಸಾಕು.