ಹಾಳಾದ ಫೋಟೊಗಳ ಲೆಕ್ಕ

ನನ್ನ ಫೋನಿನಲ್ಲಿ ‘ಹಾಳು’ ಎಂದು ಹೆಸರಿಟ್ಟ ಒಂದು ಫೋಲ್ಡರ್ ಇದೆ. ತೋಟದಲ್ಲಿ ತೆಗೆದು ಕೆಟ್ಟುಹೋದ ಚಿತ್ರಗಳೆಲ್ಲ ಅದರೊಳಗೆ. ಚೆನ್ನಾಗಿ ಬಂದವು ಯಾವತ್ತೋ ನೆಂಟರಿಷ್ಟರ ಫೋನು ಸೇರಿವೆ: ಮಂಜಿನಲ್ಲಿ ಅಡಿಕೆ ಮರ, ಕೊಟ್ಟಿಗೆ ಬಾಗಿಲಲ್ಲಿ ಕರು, ಕೆಸುವಿನ ಎಲೆ ಮೇಲೆ ನೀರಿನ ಮುತ್ತು. ಅವನ್ನು ನೋಡಿದವರು ‘ಚಂದ ಇದೆ’ ಅಂದು ಮುಂದೆ ಹೋಗುತ್ತಾರೆ. ಹಾಳಾದದ್ದನ್ನು ತೋರಿಸಿದರೆ ಮಾತ್ರ ‘ಇದೆಂತದು ಹೀಗೆ?’ ಎಂದು ಒಂದು ಗಳಿಗೆ ನಿಲ್ಲುತ್ತಾರೆ. ನಾನೂ ಹಾಗೇ ನಿಂತವನು. ಮಲೆನಾಡಿನ ನಾಲ್ಕು ಎಕರೆ ತೋಟ, ಪಕ್ಕಕ್ಕೊಂದು ಗದ್ದೆ, ಹಿಂದೆ ಸೊಪ್ಪಿನ ಬೆಟ್ಟ. ಶಾಲೆಯಲ್ಲಿ ತಲೆಗೆ ಹತ್ತದ ಭೌತಶಾಸ್ತ್ರ ಇಷ್ಟರೊಳಗೇ ನನಗೆ ಸಿಕ್ಕಿದ್ದು ಈ ಫೋಲ್ಡರಿನಿಂದ.

ಮೊದಲನೆಯದು ಎಮ್ಮೆ ಮತ್ತು ಬೆಳ್ಳಕ್ಕಿ. ಗದ್ದೆಯ ಬದುವಿನಲ್ಲಿ ಎಮ್ಮೆ ಮೇಯುತ್ತಿತ್ತು, ಅದರ ಬೆನ್ನ ಮೇಲೊಂದು ಬೆಳ್ಳಕ್ಕಿ. ಎಮ್ಮೆಯ ಮುಖ ಕಾಣುವ ಹಾಗೆ ತೆಗೆದರೆ ಹಕ್ಕಿ ಬಿಳಿ ಕಾಗದದ ಚೂರು. ಹಕ್ಕಿಯ ಗರಿ ಕಾಣುವ ಹಾಗೆ ತೆಗೆದರೆ ಎಮ್ಮೆ ಕಲ್ಲಿದ್ದಲ ಗುಡ್ಡೆ. ಕ್ಯಾಮೆರಾಕ್ಕೆ ಎಮ್ಮೆಯೂ ಗೊತ್ತಿಲ್ಲ, ಬೆಳ್ಳಕ್ಕಿಯೂ ಗೊತ್ತಿಲ್ಲ. ಎದುರಿನ ಲೋಕವನ್ನೆಲ್ಲ ಕಲೆಸಿದರೆ ಒಂದು ನಡುಬೂದು ಬಣ್ಣ ಬರಬೇಕು ಎಂಬ ಊಹೆಯ ಮೇಲೆ ಅದರ ಬೆಳಕಿನ ಮೀಟರು ನಡೆಯುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 18ನ್ನು ವಾಪಸು ಕೊಡುವ ಬೂದು ಅದು. ಕರಿಯ ಕಾಜಾಣವನ್ನು ಹತ್ತಿರದಿಂದ ತೆಗೆದರೆ ‘ಬೆಳಕು ಸಾಲದು’ ಎಂದುಕೊಂಡು ಹಕ್ಕಿಯನ್ನು ಬೂದಿ ಮಾಡಿಬಿಡುತ್ತದೆ. ಬೆಳಗಿನ ಮಂಜನ್ನು ತೆಗೆದರೆ ‘ಬೆಳಕು ಜಾಸ್ತಿ’ ಎಂದು ಅದನ್ನು ಹೊಗೆ ಮಾಡುತ್ತದೆ. ನಮ್ಮ ಕಣ್ಣೂ ಒಂದೇ ನೋಟಕ್ಕೆ ಎಲ್ಲವನ್ನೂ ಹಿಡಿಯುವುದಿಲ್ಲ. ಎಮ್ಮೆಯಿಂದ ಹಕ್ಕಿಗೆ ಹರಿದಾಡುತ್ತ ಇರುತ್ತದೆ, ಹೊಲಿಗೆ ಹಾಕುವ ಕೆಲಸ ಮಿದುಳಿನದು. ಈಗಿನ ಫೋನುಗಳು ಬೇರೆ ಬೇರೆ ಬೆಳಕಿನಲ್ಲಿ ನಾಲ್ಕಾರು ಚಿತ್ರ ಸರಸರನೆ ತೆಗೆದು ಅದೇ ಹೊಲಿಗೆ ಹಾಕಲು ಕಲಿತಿವೆ. ಎಮ್ಮೆ ಕಿವಿ ಬಡಿದರೆ ಹೊಲಿಗೆ ಬಿಟ್ಟು ಎರಡು ಕಿವಿ ನಾಲ್ಕಾಗುತ್ತವೆ.

ಆ ಚಿತ್ರ ಕೆಟ್ಟರೂ ಇನ್ನೊಂದು ಪಾಠ ಕಲಿಸಿತು. ನಾನೊಬ್ಬನೇ ಗದ್ದೆಗಿಳಿದರೆ ಬೆಳ್ಳಕ್ಕಿಗಳು ದೂರದಿಂದಲೇ ಎದ್ದುಬಿಡುತ್ತವೆ. ಎಮ್ಮೆಯ ಮಗ್ಗುಲಲ್ಲಿ ಅದರ ನಡಿಗೆಯಲ್ಲೇ ಹೋದರೆ ಆರಡಿಯ ತನಕ ಬಿಡುತ್ತವೆ. ಎಮ್ಮೆಯ ಗೊರಸಿಗೆ ಹುಲ್ಲಿನೊಳಗಿಂದ ಮಿಡತೆ ಏಳುತ್ತದೆ, ಹಕ್ಕಿಗೆ ಅದೇ ಊಟ; ಎಮ್ಮೆ ಬಂತೆಂದರೆ ಬಡಿಸಿದ ಹಾಗೆ. ಇದನ್ನು ನನಗಿಂತ ಚೆನ್ನಾಗಿ ಅರಿತವರು ಇಂಗ್ಲೆಂಡಿನ ಯಾರ್ಕ್‌ಷೈರಿನ ಹಳ್ಳಿ ಹುಡುಗರು, ರಿಚರ್ಡ್ ಮತ್ತು ಚೆರಿ ಕೀರ್ಟನ್ ಸಹೋದರರು. ಮೊಟ್ಟೆ ಇರುವ ಹಕ್ಕಿಗೂಡನ್ನು ಇದ್ದಲ್ಲೇ 1892ರಲ್ಲಿ ಚಿತ್ರ ತೆಗೆದು ಹೆಸರಾದವರು ಅವರು. ಹಕ್ಕಿಗಳು ಹತ್ತಿರ ಸೇರಿಸದಾಗ ಎತ್ತಿನ ಚರ್ಮದಿಂದ ಒಳಗೆ ಟೊಳ್ಳಿರುವ ಒಂದು ಎತ್ತನ್ನೇ ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಹಿಡಿದು ನಿಂತರು. ನಮ್ಮ ಕೊಟ್ಟಿಗೆಯಲ್ಲಿ ಜೀವಂತ ಎಮ್ಮೆಯೇ ಇರುವಾಗ ನನಗೆ ಆ ಖರ್ಚು ಇಲ್ಲ.

ಇನ್ನೊಂದು ಚಿತ್ರ ನವಿಲುಗರಿಯದು. ಗದ್ದೆಯಲ್ಲಿ ಬಿದ್ದಿದ್ದನ್ನು ತಂದು ಕಿಟಕಿಗೆ ಸಿಕ್ಕಿಸಿ, ಬೆಳಕು ಹಿಂದಿನಿಂದ ಬಂದರೆ ಕಣ್ಣು ಹೊಳೆಯುತ್ತದೆಂದು ಭಾವಿಸಿ ತೆಗೆದೆ. ಬಂದದ್ದು ತರಗೆಲೆಯ ಬಣ್ಣ. ನೀಲಿ ಇಲ್ಲ, ಹಸಿರಿಲ್ಲ. ಫೋನು ಕೆಟ್ಟಿರಲಿಲ್ಲ, ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ! ಅಲ್ಲಿರುವುದು ನಮ್ಮ ಕೂದಲಿನಲ್ಲೂ ಇರುವ ಕಂದುಗಪ್ಪು ಮೆಲನಿನ್. ಅದರ ಸೂಕ್ಷ್ಮ ಕಡ್ಡಿಗಳು ಗರಿಯ ಎಳೆಯೊಳಗೆ ಅಚ್ಚುಕಟ್ಟಾಗಿ ಸಾಲು ನೆಟ್ಟ ಹಾಗಿವೆ. ಆ ಸಾಲುಗಳಿಂದ ಚಿಮ್ಮಿ ಬರುವ ಬೆಳಕಿನ ಅಲೆಗಳಲ್ಲಿ ಕೆಲವು ಒಂದಕ್ಕೊಂದು ಕೂಡಿಕೊಂಡು ಬಲಿಯುತ್ತವೆ, ಮಿಕ್ಕವು ಪರಸ್ಪರ ಕಳೆದುಕೊಳ್ಳುತ್ತವೆ. ಸಾಲಿನ ಅಂತರ ಸುಮಾರು 140 ನ್ಯಾನೊಮೀಟರ್ ಇದ್ದಲ್ಲಿ ನೀಲಿ, 150ರ ಹತ್ತಿರ ಬಂದಲ್ಲಿ ಹಸಿರು. ಅಡಿಕೆ ಸಸಿ ನೆಡುವಾಗ ಒಂಬತ್ತಡಿಯ ಅಂತರ ತಪ್ಪಬಾರದೆಂದು ಅಪ್ಪಯ್ಯ ಹಗ್ಗ ಹಿಡಿದು ನಿಲ್ಲುತ್ತಿದ್ದದ್ದು ನೆನಪಾಗುತ್ತದೆ. ಬೆಳಕು ಎದುರಿನಿಂದ ಬಿದ್ದು ಚಿಮ್ಮಿದರೆ ಮಾತ್ರ ಈ ಆಟ. ಹಿಂದಿನಿಂದ ತೂರಿ ಬಂದರೆ ಕಾಣುವುದು ಮೆಲನಿನ್ನಿನ ಕಂದು. ಕೆರೆದಂಡೆಯ ಮಿಂಚುಳ್ಳಿಯ ನೀಲಿಗೂ, ತಂತಿಯ ಮೇಲೆ ಕೂರುವ ನಮ್ಮ ರಾಜ್ಯಪಕ್ಷಿ ನೀಲಕಂಠನ ನೀಲಿಗೂ ಬಣ್ಣದ ಪುಡಿ ಕಾರಣವಲ್ಲ. ಅವುಗಳ ಗರಿಯಲ್ಲಿ ಸಾಲಿನ ಬದಲು ಸ್ಪಂಜಿನಂಥ ರಂಧ್ರಗಳ ರಚನೆ ಇದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನೀಲಿ ಹಕ್ಕಿಯ ಫೋಟೊ ತೆಗೆಯಿರಿ ಎಂದು ಹಳಬರು ಹೇಳುವುದಕ್ಕೆ ಅರ್ಥವಿದೆ.

ಕಳೆ ಕೊಚ್ಚುವ ಯಂತ್ರದ ಚಿತ್ರವನ್ನು ಬೇಗ ಹೇಳಿ ಮುಗಿಸುತ್ತೇನೆ. ಉರಿಬಿಸಿಲಿನಲ್ಲಿ ತೆಗೆದದ್ದು, ನೆಟ್ಟಗಿನ ಅಲಗು ಬಾಳೆಹಣ್ಣಿನ ಹಾಗೆ ಬಾಗಿದೆ, ಒಂದು ತುಂಡು ಗಾಳಿಯಲ್ಲಿ ತೇಲುತ್ತಿದೆ. ಫೋನಿನ ಸಂವೇದಕ ಇಡೀ ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ, ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ನಿಮಿಷಕ್ಕೆ ಏಳು ಸಾವಿರ ಸುತ್ತುವ ಅಲಗು, ಓದಿಗೆ ಸೆಕೆಂಡಿನ ಅರವತ್ತನೇ ಒಂದು ಪಾಲು ಹಿಡಿದರೂ, ಅಷ್ಟರೊಳಗೆ ಸುಮಾರು ಎರಡು ಸುತ್ತು ಹೊಡೆದಿರುತ್ತದೆ. ಪ್ರತಿ ಸಾಲಿಗೂ ಅಲಗು ಬೇರೆ ಜಾಗದಲ್ಲಿ. ಹೂವಿನ ಮುಂದೆ ನಿಂತಲ್ಲೇ ಹಾರುವ ಜೇನುಹುಳದ ರೆಕ್ಕೆ ಸೆಕೆಂಡಿಗೆ ಇನ್ನೂರಕ್ಕೂ ಮಿಕ್ಕಿ ಬಡಿಯುವುದರಿಂದ ಅದರ ಚಿತ್ರದಲ್ಲೂ ಇದೇ ವಕ್ರ.

ಈಗ ಫೋಲ್ಡರಿನ ದೊಡ್ಡ ಪಾಲಿಗೆ ಬರೋಣ. ಬಾಳೆಯನ್ನು ಯಾರು ಮುರಿಯುತ್ತಾರೆ ಎಂದು ತಿಳಿಯಲು ಬೇಲಿಯ ಹತ್ತಿರ ಕಟ್ಟಿದ ರಾತ್ರಿ ಕ್ಯಾಮೆರಾದ ಚಿತ್ರಗಳವು. ಎದುರಿಗೆ ಏನಾದರೂ ಸುಳಿದರೆ ತಾನೇ ಕ್ಲಿಕ್ಕಿಸುವ ಡಬ್ಬಿ. ಇದರ ಮೂಲಪುರುಷನೂ ತೋಟದವನೇ ಅನ್ನಬಹುದು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಎಂಬ ಶ್ರೀಮಂತನ ಕುದುರೆ ಸಾಕಣೆಯ ಜಮೀನು. 1878ರ ಜೂನ್‌ನಲ್ಲಿ ಎಡ್ವರ್ಡ್ ಮೈಬ್ರಿಜ್ ಅಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು, ದಾರಿಗೆ ಅಡ್ಡ ದಾರ ಕಟ್ಟಿ ಕುದುರೆ ಓಡಿಸಿದ. ಕುದುರೆಯ ಕಾಲು ತಾಗಿದಂತೆ ಒಂದೊಂದೇ ಚಿತ್ರ. ಓಟದ ನಡುವೆ ಕುದುರೆಯ ನಾಲ್ಕೂ ಕಾಲು ನೆಲ ಬಿಡುತ್ತವೆ, ಅದೂ ಚಿತ್ರಕಾರರು ಬರೆಯುತ್ತಿದ್ದಂತೆ ಹಿಂದಕ್ಕೂ ಮುಂದಕ್ಕೂ ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿದಾಗ ಎಂದು ಗೊತ್ತಾಯಿತು. ಅಮೆರಿಕದ ಜಾರ್ಜ್ ಶೈರಾಸ್ ಅದೇ ದಾರದ ಉಪಾಯವನ್ನು ಕಾಡಿಗೆ ಒಯ್ದ. ಅವನ ಇರುಳಿನ ಜಿಂಕೆಗಳು 1906ರ ಜುಲೈ ತಿಂಗಳ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯಲ್ಲಿ ಬಂದವು. ನಮ್ಮ ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಉಲ್ಲಾಸ ಕಾರಂತರು ಇಂಥ ಕ್ಯಾಮೆರಾಗಳಿಂದ ಹುಲಿಗಳನ್ನು ಪಟ್ಟೆ ನೋಡಿ ಗುರುತಿಸಿ, ಅವುಗಳ ಸಂಖ್ಯೆ ಅಂದಾಜು ಮಾಡುವ ವಿಧಾನವನ್ನು ಕಟ್ಟಿದರು. ಹುಲಿಯ ಎಡಮಗ್ಗುಲಿನ ಪಟ್ಟೆಗೂ ಬಲಮಗ್ಗುಲಿನದಕ್ಕೂ ಹೋಲಿಕೆ ಇರದ ಕಾರಣ ದಾರಿಯ ಎರಡೂ ಕಡೆ ಕ್ಯಾಮೆರಾ ಬೇಕು.

ನನ್ನ ಡಬ್ಬಿಯಲ್ಲಿ ದಾರ ಇಲ್ಲ, ಶಾಖ ಗ್ರಹಿಸುವ ಸಂವೇದಕ ಇದೆ. ಒಂದು ವಾರ ಬಿಟ್ಟು ಕಾರ್ಡು ತೆಗೆದು ನೋಡಿದರೆ ನಾನೂರು ಚಿಲ್ಲರೆ ಚಿತ್ರ, ಬಹುಪಾಲು ಒಂದೇ ಬಾಳೆ ಎಲೆಯದು. ‘ಕಳ್ಳ ಸಿಕ್ಕಿದ ನೋಡು, ಬಾಳೆಯೇ ಬಾಳೆ ಕದ್ದಿದೆ’ ಎಂದು ಅಪ್ಪಯ್ಯ ನಕ್ಕರು. ಸಂವೇದಕ ಪ್ರಾಣಿಯನ್ನು ನೋಡುವುದಿಲ್ಲ. ಎದುರಿನ ಶಾಖದ ಹಂಚಿಕೆ ಥಟ್ಟನೆ ಬದಲಾಯಿತೇ ಎಂದಷ್ಟೇ ನೋಡುತ್ತದೆ. ಬಿಸಿಲಿಗೆ ಕಾದ ಎಲೆ ತಂಪು ನೆರಳಿನ ಮುಂದೆ ತೂಗಾಡಿದರೆ ಅದರ ಲೆಕ್ಕದಲ್ಲಿ ಅದೂ ಪ್ರಾಣಿ. ಇದರ ತಿರುಗುಮುರುಗು ಇನ್ನೂ ಮಜಾ. ಏಪ್ರಿಲ್ ಮಧ್ಯಾಹ್ನ ಕ್ಯಾಮೆರಾದ ಎದುರೇ ನವಿಲು ಅಡ್ಡಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಕಾರ್ಡಿನಲ್ಲಿ ಅದರ ಸುಳಿವೇ ಇಲ್ಲ. ಕಾದ ನೆಲವೂ ನವಿಲಿನ ಮೈಮೇಲ್ಮೈಯೂ ಹೆಚ್ಚುಕಮ್ಮಿ ಒಂದೇ ಬಿಸಿಗೆ ಬಂದಾಗ ಸಂವೇದಕದ ಪಾಲಿಗೆ ನವಿಲು ಮಾಯ. ಕ್ಯಾಮೆರಾದಲ್ಲಿ ಬರಲಿಲ್ಲ ಎಂದ ಮಾತ್ರಕ್ಕೆ ಪ್ರಾಣಿ ಬರಲಿಲ್ಲ ಎನ್ನುವ ಹಾಗಿಲ್ಲ.

ರಾತ್ರಿಯ ಚಿತ್ರ ನೋಡಿ ಅಮ್ಮ ಬೆರಗಾದರು. ‘ಎಂತದಾ ಇದು, ತೋಟದ ಮೇಲೆ ಹಿಮ ಬಿದ್ದಂಗಿದೆ!’ ಬಾಳೆ, ಏಲಕ್ಕಿ, ಬೇಲಿಯ ಗಿಡ, ಎಲ್ಲ ಬೆಳ್ಳಗೆ. ಬೇಲಿ ನೋಡಲು ಹೋದ ಅಪ್ಪಯ್ಯನ ಕಪ್ಪು ಸ್ವೆಟರ್ ಕೂಡ ಬಿಳಿ. ಕ್ಯಾಮೆರಾ ಇರುಳಲ್ಲಿ ಬೀರುವುದು ಅವಕೆಂಪು ಕಿರಣ, ಕೆಂಪಿನಾಚೆಗಿನದು, ನಮಗೆ ಕಾಣದ್ದು. ಟಿವಿ ರಿಮೋಟಿನ ತುದಿಯನ್ನು ಫೋನಿನ ಮುಂಬದಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ, ಹೆಚ್ಚಿನ ಫೋನುಗಳಲ್ಲಿ ಮಿಣುಕು ಕಾಣುತ್ತದೆ. ಅದೇ ಜಾತಿಯ ಬೆಳಕು. ಎಲೆಯ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಉಣ್ಣುತ್ತದೆ. ಅವಕೆಂಪು ಅದಕ್ಕೆ ರುಚಿಸದು. ಎಲೆಯೊಳಗಿನ ಕೋಶಗಳ ನಡುವೆ ಗಾಳಿಯ ಪೊಳ್ಳುಗಳಿವೆ, ಅಲ್ಲಿ ಎಡವಿ ತಡವಿ ಅರ್ಧದಷ್ಟು ಅವಕೆಂಪು ಹೊರಗೆ ಬಂದುಬಿಡುತ್ತದೆ. ಅದಕ್ಕೇ ಹಿಮ. ಸ್ವೆಟರಿನ ಕಥೆ ಬೇರೆ: ಬಟ್ಟೆಗೆ ಹಾಕುವ ಎಷ್ಟೋ ಕಪ್ಪು ಬಣ್ಣಗಳು ನಮ್ಮ ಕಣ್ಣಿಗಷ್ಟೇ ಕಪ್ಪು, ಅವಕೆಂಪನ್ನು ಹೀರುವ ಶಕ್ತಿ ಅವಕ್ಕಿಲ್ಲ.

ನನ್ನ ‘ಹಾಳು’ ಫೋಲ್ಡರಿನ ಈ ಬಿಳಿ ತೋಟವನ್ನೇ ಉಪಗ್ರಹಗಳು ಹುಡುಕುತ್ತವೆ. 1972ರಲ್ಲಿ ಹಾರಿದ ಮೊದಲ ಲ್ಯಾಂಡ್‌ಸ್ಯಾಟ್ ಆಗಲಿ, 1988ರ ನಮ್ಮ ಐಆರ್‌ಎಸ್-1ಎ ಆಗಲಿ, ನೆಲವನ್ನು ಕೆಂಪಿನಲ್ಲೂ ಅವಕೆಂಪಿನಲ್ಲೂ ನೋಡಿದವು. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಸೊಂಪಾದ ಹಸಿರಿದ್ದರೆ ಅದು ಒಂದರ ಹತ್ತಿರ, ಬೋಳು ನೆಲಕ್ಕೆ ಸೊನ್ನೆಯ ಹತ್ತಿರ. ಎಲೆ ಸೊರಗಿ ಒಳಗಿನ ಕೋಶ ಕುಸಿದಂತೆ ಸಂಖ್ಯೆ ಇಳಿಯುತ್ತದೆ. ಬೆಳೆಯ ಸ್ಥಿತಿ, ಬರದ ಅಂದಾಜು ಇವುಗಳಿಗೆಲ್ಲ ಈ ಕೂಡು-ಕಳೆ ಲೆಕ್ಕವೇ ಆಧಾರ.

ಬಾಳೆ ಮುರಿದವನು ಕೊನೆಗೂ ಸಿಕ್ಕಿದ, ಕಾಡುಹಂದಿ. ಅನುಮಾನ ಮೊದಲೇ ಇತ್ತು; ರಾತ್ರಿ ಟಾರ್ಚು ಬಿಟ್ಟರೆ ಬೇಲಿಯಾಚೆ ಬುಸುಗುಟ್ಟುವ ಸದ್ದು ಕೇಳುತ್ತಿತ್ತು, ಕಣ್ಣು ಮಾತ್ರ ಹೊಳೆಯುತ್ತಿರಲಿಲ್ಲ. ದನ, ನಾಯಿ, ಬೆಕ್ಕು, ಜಿಂಕೆಗಳ ಕಣ್ಣಿನ ಹಿಂಪೊರೆಯ ಹಿಂದೆ ಕನ್ನಡಿಯಂಥ ಒಂದು ಪದರ ಇರುತ್ತದೆ. ಮೊದಲ ಸಲ ತಪ್ಪಿಸಿಕೊಂಡ ಬೆಳಕನ್ನು ಅದು ಹಿಂದಿರುಗಿಸಿ ಇನ್ನೊಮ್ಮೆ ನೋಡುವ ಅವಕಾಶ ಕೊಡುತ್ತದೆ. ಆಗಲೂ ಮಿಕ್ಕಿ ಹೊರಬಂದದ್ದೇ ಟಾರ್ಚಿನಲ್ಲಿ ಕಾಣುವ ಹೊಳಪು. ಹಂದಿಗೆ ಆ ಪದರ ಇಲ್ಲ, ನಮಗೂ ಇಲ್ಲ. ಫ್ಲ್ಯಾಶ್ ಹಾಕಿದಾಗ ನಮ್ಮ ಕಣ್ಣು ಕೆಂಪಾಗಿ ಬರುವುದು ಒಳಗಿನ ರಕ್ತದ ಬಣ್ಣದಿಂದ. ಹೊಳೆಯುವ ಕಣ್ಣಿಗೆ ಹೆದರುವವರು ಇಲ್ಲಿ ಬಹಳ. ನನಗೀಗ ಹೊಳೆಯದ ಕಣ್ಣೇ ಹೆಚ್ಚು ಭಯ. ಹಣೆಯ ಮಟ್ಟಕ್ಕೆ ಟಾರ್ಚು ಹಿಡಿದು ಹುಲ್ಲಿನ ಮೇಲೆ ಬೆಳಕು ಹಾಯಿಸಿದರೆ ಇಬ್ಬನಿಯಂತೆ ಹಸಿರು ಚುಕ್ಕಿಗಳು ಮಿನುಗುತ್ತವೆ. ಹತ್ತಿರ ಹೋಗಿ ನೋಡಿ, ಪ್ರತಿ ಚುಕ್ಕಿಯ ಹಿಂದೆ ಒಂದು ತೋಳಜೇಡ. ಟಾರ್ಚನ್ನು ಸೊಂಟಕ್ಕಿಳಿಸಿದರೆ ಚುಕ್ಕಿಗಳು ಆರುತ್ತವೆ. ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ, ನಮ್ಮ ಕಣ್ಣು ಆ ದಾರಿಯಲ್ಲಿ ಇರಬೇಕು.

ಕೊನೆಯ ಚಿತ್ರದ ತಾರೀಕು 26 ಡಿಸೆಂಬರ್ 2019. ಕಂಕಣ ಗ್ರಹಣದ ಬೆಳಿಗ್ಗೆ. ಬಳೆ ಪೂರ್ತಿ ಕಂಡದ್ದು ಮಂಗಳೂರು, ಕಾಸರಗೋಡಿನ ಕಡೆಯವರಿಗೆ. ನಮ್ಮಲ್ಲಿ ಸೂರ್ಯ ಕುಡುಗೋಲಿನಷ್ಟು ಉಳಿದಿದ್ದ. ಫೋನನ್ನು ಆಕಾಶಕ್ಕೆತ್ತಿ ತೆಗೆದದ್ದು ಶುದ್ಧ ಹಾಳು, ಒಂದು ಬಿಳಿ ಮುದ್ದೆ. (ಹಾಗೆ ಎತ್ತಲೇಬಾರದು, ಕಣ್ಣಿಗೂ ಕೇಡು ಸಂವೇದಕಕ್ಕೂ ಕೇಡು.) ಬೇಜಾರಿನಲ್ಲಿ ತಲೆ ತಗ್ಗಿಸಿದರೆ ಅಂಗಳದ ತುಂಬ ಕುಡುಗೋಲು! ಅಡಿಕೆ ಚಪ್ಪರದ ತಟ್ಟಿಯ ಸಂದುಗಳಿಂದ ತೂರಿದ ಬೆಳಕಿನ ಒಂದೊಂದು ಬಿಲ್ಲೆಯೂ ಗ್ರಹಣ ಹಿಡಿದ ಸೂರ್ಯ.

ತೋಟದ ನೆಲದ ಮೇಲೆ ದಿನವೂ ಬೀಳುವ ದುಂಡು ಬೆಳಕು ಎಲೆಸಂದಿನ ಆಕಾರದ್ದು ಎಂದುಕೊಂಡಿದ್ದೆ. ಸಂದುಗಳು ನೂರು ಆಕಾರದಲ್ಲಿರುತ್ತವೆ, ಬಿಲ್ಲೆಗಳು ಮಾತ್ರ ದುಂಡಗೆ, ಏಕೆಂದರೆ ಅವು ಸೂರ್ಯನ ಚಿತ್ರಗಳು. ಗಾಜಿಲ್ಲದ ಕ್ಯಾಮೆರಾಕ್ಕೆ ಒಂದು ಸಣ್ಣ ತೂತು ಸಾಕು. ಸೂರ್ಯನ ದೂರ ಅವನ ವ್ಯಾಸದ ಸುಮಾರು 108 ಪಟ್ಟು. ಅಷ್ಟೋತ್ತರದ ಸಂಖ್ಯೆ ಬಂತೆಂದು ಹಿಗ್ಗಬೇಕಾಗಿಲ್ಲ, ಆದರೆ ನೆನಪಿಡಲು ಅನುಕೂಲ. ಬಿಲ್ಲೆಯ ಅಗಲವನ್ನು 108ರಿಂದ ಗುಣಿಸಿದರೆ ಬೆಳಕು ನುಸುಳಿದ ಸಣ್ಣ ಸಂದು ಎಷ್ಟು ದೂರದಲ್ಲಿದೆ ಎಂದು ಸಿಗುತ್ತದೆ. ನೆತ್ತಿಯ ಬಿಸಿಲಿನಲ್ಲಿ ಐವತ್ತಡಿ ಎತ್ತರದ ಅಡಿಕೆಸೋಗೆಯಿಂದ ಬೀಳುವ ಬಿಲ್ಲೆ ಐದೂವರೆ ಇಂಚು, ಹಂಚಿನ ಬಿರುಕಿನಿಂದ ಒಂಬತ್ತಡಿ ಕೆಳಗೆ ಬೀಳುವುದು ಒಂದು ಇಂಚು. ಅಳತೆಪಟ್ಟಿ ಹಿಡಿದು ನೋಡಿದ್ದೇನೆ, ಹೆಚ್ಚು ತಪ್ಪುವುದಿಲ್ಲ.

ಆವತ್ತು ಅಮ್ಮ ಗ್ರಹಣ ಬಿಡುವ ತನಕ ಹೊರಗೆ ಬರುವುದಿಲ್ಲವೆಂದು ಜಗಲಿಯ ಒಳಮೂಲೆಯಲ್ಲಿ ಕೂತಿದ್ದರು. ನಾನು ಕೂಗಿ ಕರೆದೆ. ‘ನಾ ಬರೂದಿಲ್ಲ ಮಾರಾಯ, ನೀನೇ ನೋಡ್ಕ’ ಅಂದರು. ಹಂಚಿನ ಸಂದಿನಿಂದ ಇಳಿದ ಒಂದು ಪುಟ್ಟ ಕುಡುಗೋಲು ಅಷ್ಟರಲ್ಲಾಗಲೇ ಅವರ ಸೆರಗಿನ ಮೇಲೆ ಬಂದು ಕೂತಿತ್ತು. ಅದರ ಫೋಟೊ ತೆಗೆಯುವಾಗ ನನ್ನ ಕೈ ಅಲುಗಿತು.