ಮಳೆ ಲೆಕ್ಕದ ಸರ್ವರ್‌ಗೆ ಜಾವಾಸ್ಕ್ರಿಪ್ಟ್ ಕ್ಲೈಂಟ್ ಜನರೇಟ್ ಮಾಡುವಾಗ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡುವುದು ಹಳೆಯ ರೂಢಿ. ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟ್‌ಗಳಲ್ಲಿ ಡೈರಿಗೆ ಇಳಿಸುತ್ತಾರೆ; 100 ಸೆಂಟ್ ಸೇರಿದರೆ ಒಂದು ಇಂಚು. ಈ ಲೆಕ್ಕವನ್ನು ಸರ್ವರ್‌ಗೆ ಏರಿಸಿಕೊಂಡವರು ನನ್ನ ಬಳಿ ಕೇಳುವುದು ಹೆಚ್ಚಾಗಿ ಒಂದೇ: ವೆಬ್ ಸರ್ವಿಸ್ ಓಡುತ್ತಿದೆ, ಅದನ್ನು ಹೊಸದಾಗಿ ಬರೆಯುವ ಮಾತಿಲ್ಲ, ಮೊಬೈಲ್ ಬ್ರೌಸರ್‌ನಲ್ಲಿ ತೆರೆಯುವ ಪುಟವೊಂದು ಬೇಕು. ಆ ಪುಟಕ್ಕೂ ಸರ್ವರ್‌ಗೂ ನಡುವಿನ ಜಾವಾಸ್ಕ್ರಿಪ್ಟನ್ನು, ಅಂದರೆ ಸರ್ವರನ್ನು ಕರೆಯುವ ಕ್ಲೈಂಟನ್ನು, ಕೈಯಲ್ಲಿ ಬರೆಯಬೇಡಿ, ಜನರೇಟರ್ ಎಂಬ ಸಾಧನದಿಂದ ಜನರೇಟ್ ಮಾಡಿ ಎನ್ನುವವನು ನಾನು. ಆದರೆ ಜನರೇಟರ್ ಓದುವುದು ಸರ್ವರನ್ನಲ್ಲ, ಸರ್ವರ್ ಬಗ್ಗೆ ಯಾರೋ ಬರೆದಿಟ್ಟ ವಿವರಣೆಯನ್ನು. ನಿಮ್ಮ ಸಮಯವೆಲ್ಲ ಹೋಗಬೇಕಾದದ್ದು ಆ ವಿವರಣೆಗೆ.

ಸರ್ವಿಸ್ ಹಳೆಯ ಸೋಪ್ (ಎಕ್ಸ್‌ಎಂಎಲ್ ಸಂದೇಶಗಳ ಪದ್ಧತಿ) ಕಾಲದ್ದಾದರೆ ಆ ವಿವರಣೆ ಡಬ್ಲ್ಯುಎಸ್‌ಡಿಎಲ್ ಎಂಬ ಫೈಲಾಗಿ ಸಾಮಾನ್ಯವಾಗಿ ಇರುತ್ತದೆ. ಅಪಾಚೆ ಸಿಎಕ್ಸ್‌ಎಫ್ ಎಂಬ ಜಾವಾ ಚೌಕಟ್ಟಿನ ಮೇಲೆ ಕಟ್ಟಿದ್ದಾದರೆ ಇನ್ನೂ ಸುಲಭ: ಅದರ ಜಾವಾಸ್ಕ್ರಿಪ್ಟ್ ಭಾಗವನ್ನು ಸೇರಿಸಿದ್ದರೆ, ಸರ್ವಿಸ್ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಜೆಎಸ್’ ಎಂದರೆ ಕ್ಲೈಂಟ್ ಕೋಡ್ ಸರ್ವರ್‌ನಿಂದಲೇ ಬರುತ್ತದೆ. ಯುಆರ್‌ಎಲ್‌ಗಳ ಮೂಲಕ ಕರೆಯುವ ರೆಸ್ಟ್ ಸರ್ವಿಸ್‌ಗಳಿಗೆ ವಿವರಣೆ ಬರೆಯುವ ಮಾದರಿ ಓಪನ್‌ಎಪಿಐ. 2011ರಲ್ಲಿ ಸ್ವಾಗರ್ ಹೆಸರಿನಲ್ಲಿ ಶುರುವಾದದ್ದು 2015ರಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯಕ್ಕೆ ಬಂತು. ನಾನು ಬಳಸುವುದು 2018ರಲ್ಲಿ ಸ್ವಾಗರ್ ಕೋಡ್‌ಜೆನ್ ಎಂಬ ಹಳೆಯ ಜನರೇಟರ್‌ನಿಂದ ಕವಲೊಡೆದ ಓಪನ್‌ಎಪಿಐ ಜನರೇಟರ್, ಅದರಲ್ಲೂ ಟೈಪ್‌ಸ್ಕ್ರಿಪ್ಟ್-ಫೆಚ್ ಮಾದರಿ (ಟೈಪ್‌ಸ್ಕ್ರಿಪ್ಟ್ ಎಂದರೆ ಟೈಪ್‌ಗಳನ್ನು ಪರೀಕ್ಷಿಸುವ ಜಾವಾಸ್ಕ್ರಿಪ್ಟ್; ಫೆಚ್ ಎಂದರೆ ಸರ್ವರನ್ನು ಕರೆಯಲು ಬ್ರೌಸರ್‌ನಲ್ಲೇ ಇರುವ ಫಂಕ್ಷನ್). ವಿವರಣೆಯಲ್ಲಿ ಪ್ರತಿಯೊಂದು ಕರೆಗೂ ಆಪರೇಷನ್ ಐಡಿ, ಅಂದರೆ ಅದರದೇ ಹೆಸರು, ಕೊಟ್ಟುಬಿಡಿ. ಇಲ್ಲದಿದ್ದರೆ ಯುಆರ್‌ಎಲ್ ತುಂಡುಗಳನ್ನೆಲ್ಲ ಪೋಣಿಸಿದ ಉದ್ದುದ್ದ ಫಂಕ್ಷನ್ ಹೆಸರುಗಳು ಬರುತ್ತವೆ.

ಹೆಚ್ಚು ಎಚ್ಚರ ಬೇಕಾದದ್ದು ತಾರೀಕಿನಲ್ಲಿ. ಹವಾಮಾನ ಇಲಾಖೆಯ ಪ್ರಕಾರ ದಿನದ ಮಳೆ ಎಂದರೆ ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆಗಳ ಮಳೆ. ದಾಖಲೆಗೆ ತಾರೀಕೊಂದೇ ಸಾಕು, ಗಂಟೆ ನಿಮಿಷ ಬೇಡ. ಆದರೆ ವಿವರಣೆಯಲ್ಲಿ ‘ಡೇಟ್’ ಎಂದು ಬರೆದರೆ ಈ ಜನರೇಟರ್ ಅದನ್ನು ಜಾವಾಸ್ಕ್ರಿಪ್ಟ್‌ನ ಡೇಟ್ ಆಬ್ಜೆಕ್ಟ್ ಮಾಡುತ್ತದೆ, ಆ ಆಬ್ಜೆಕ್ಟ್‌ಗೆ ಸಮಯವಿಲ್ಲದ ತಾರೀಕು ಗೊತ್ತೇ ಇಲ್ಲ. ಬೆಳೆಗಾರರು ಕ್ಯಾಲೆಂಡರ್‌ನಲ್ಲಿ ಮಾರ್ಚ್ 15 ಒತ್ತಿದರೆ ಸಿಗುವುದು ನಮ್ಮ ಮಧ್ಯರಾತ್ರಿ. ಕಳಿಸುವಾಗ ಕ್ಲೈಂಟ್ ಅದನ್ನು ಯುಟಿಸಿಗೆ (ಜಾಗತಿಕ ಪ್ರಮಾಣ ಸಮಯಕ್ಕೆ) ತಿರುಗಿಸಿ, ತಾರೀಕು ಹೇಳುವ ಮೊದಲ ಹತ್ತು ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಭಾರತದ ಮಧ್ಯರಾತ್ರಿಗೆ ಯುಟಿಸಿಯಲ್ಲಿ ಹಿಂದಿನ ದಿನದ 18:30. ಸರ್ವರ್‌ಗೆ ಮುಟ್ಟುವುದು ಮಾರ್ಚ್ 14! ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಟೆಸ್ಟ್ ಓಡುವ ಯಂತ್ರದ ಗಡಿಯಾರ ಯುಟಿಸಿಯಲ್ಲಿದ್ದರೆ ಟೆಸ್ಟ್‌ಗಳೂ ಪಾಸಾಗುತ್ತವೆ. ಹೂ ಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ) ಬಿದ್ದ ದಿನದಿಂದ ಹೂ ಅರಳುವ ದಿನ ಎಣಿಸುವವರಿಗೆ, ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕೆಂದು ಲೆಕ್ಕ ಹಾಕುವವರಿಗೆ ಒಂದು ದಿನದ ತಪ್ಪು ಸಣ್ಣದಲ್ಲ. ಹಾಗಾಗಿ ನಾನು ವಿವರಣೆಯಲ್ಲೇ ಅದನ್ನು ಸಾದಾ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಎಂದು ಬರೆದು, ವರ್ಷ-ತಿಂಗಳು-ದಿನದ ಪ್ಯಾಟರ್ನ್ ಕೊಡುತ್ತೇನೆ. ಟೆಸ್ಟ್‌ಗಳನ್ನು ಭಾರತದ ಸಮಯ ವಲಯದಲ್ಲೇ ಓಡಿಸುತ್ತೇನೆ.

ಮಳೆಯ ಅಂಕಿಯಲ್ಲೂ ಇಂಥದ್ದೇ ಸೂಕ್ಷ್ಮವಿದೆ. ಸೊನ್ನೆ ಎಂದರೆ ಮಾಪಕ ನೋಡಿದರು, ಮಳೆ ಬಿದ್ದಿಲ್ಲ. ನಲ್ ಎಂದರೆ ಆ ದಿನ ಯಾರೂ ಅಳೆದಿಲ್ಲ. ಇವೆರಡನ್ನು ಕಲಸಿದರೆ ತಿಂಗಳ ಮೊತ್ತಕ್ಕೆ ಅರ್ಥವೇ ಉಳಿಯುವುದಿಲ್ಲ. ಓಪನ್‌ಎಪಿಐ 3.0ರಲ್ಲಿ ‘ನಲ್ಲಬಲ್’ ಎಂದು ಸ್ಪಷ್ಟವಾಗಿ ಬರೆಯಬೇಕು; 2021ರ 3.1ರಲ್ಲಿ ಟೈಪ್‌ಗಳ ಪಟ್ಟಿಗೇ ನಲ್ ಸೇರಿಸಬೇಕು. ಬರೆದರೆ, ಟೈಪ್‌ಸ್ಕ್ರಿಪ್ಟ್‌ನ ಸ್ಟ್ರಿಕ್ಟ್ ನಲ್ ತಪಾಸಣೆ ಚಾಲೂ ಇದ್ದಾಗ, ಅದು ನಲ್ ಇರಬಹುದಾದ ಪ್ರತಿ ಜಾಗದಲ್ಲೂ ನಿಮ್ಮನ್ನು ತಡೆದು ಕೇಳುತ್ತದೆ. ಅಳತೆ ಮಿಲಿಮೀಟರೋ ಇಂಚೋ ಎಂಬುದನ್ನೂ ಫೀಲ್ಡ್ ಹೆಸರಿನಲ್ಲೇ ಇಡಿ. ‘ನಂಬರ್’ ಎಂಬ ಟೈಪ್ 25.4 ಪಟ್ಟಿನ ವ್ಯತ್ಯಾಸವನ್ನು ಹಿಡಿಯಲಾರದು.

ಜಾವಾ ಸರ್ವರ್‌ನ 64 ಬಿಟ್ ಐಡಿಗಳು, ಜಾವಾಸ್ಕ್ರಿಪ್ಟ್ ನಂಬರ್ ತಪ್ಪಿಲ್ಲದೆ ಹಿಡಿಯುವ ಮಿತಿಯಾದ 9007199254740991 ದಾಟಿದರೆ ಬ್ರೌಸರ್‌ನಲ್ಲಿ ಕೊನೆಯ ಅಂಕಿಗಳು ಬದಲಾಗಬಹುದು. ವಿವರಣೆ ತಿದ್ದಿದರಷ್ಟೇ ಸಾಲದು, ಸರ್ವರ್ ಕೂಡ ಐಡಿಯನ್ನು ಸ್ಟ್ರಿಂಗ್ ಆಗಿಯೇ ಕಳಿಸಬೇಕು. ಬೇರೆ ಡೊಮೇನ್‌ನಿಂದ ಕರೆಯುವುದಾದರೆ ಅದಕ್ಕೆ ಅನುಮತಿಯಿದೆ ಎಂದು ಬ್ರೌಸರ್‌ಗೆ ಹೇಳುವ ಸಿಒಆರ್‌ಎಸ್ ಹೆಡರ್ ಕೊಡಬೇಕಾದದ್ದೂ ಸರ್ವರೇ.

ಇನ್ನು ನಮ್ಮ ಮಳೆಗಾಲ. ಕರೆಂಟ್ ಹೋಗಿ, ಟವರ್ ಕೈಕೊಟ್ಟು, ರಿಕ್ವೆಸ್ಟ್ ಅರ್ಧದಲ್ಲಿ ನಿಲ್ಲುವುದು ಇಲ್ಲಿ ಸಾಮಾನ್ಯ. ಫೆಚ್‌ಗೆ ತನ್ನದೇ ಟೈಮ್‌ಔಟ್ ಸೆಟ್ಟಿಂಗ್ ಇಲ್ಲ, ಕರೆಯನ್ನು ನಡುವೆ ನಿಲ್ಲಿಸುವ ಅಬಾರ್ಟ್ ಕಂಟ್ರೋಲರ್ ನೀವೇ ಕೊಡಬೇಕು. ಹೊಸ ದಾಖಲೆ ಸೇರಿಸುವ ಪೋಸ್ಟ್ ಕರೆಯನ್ನು ಕುರುಡಾಗಿ ಮತ್ತೆ ಕಳಿಸಿದರೆ ಒಂದೇ ದಿನದ ಮಳೆ ಎರಡು ಸಲ ದಾಖಲಾಗಬಹುದು. ತೋಟ ಮತ್ತು ತಾರೀಕನ್ನು ಯುಆರ್‌ಎಲ್‌ನಲ್ಲಿಟ್ಟು ಪುಟ್ (ಇದ್ದದ್ದರ ಜಾಗದಲ್ಲೇ ಬರೆಯುವ ಕರೆ) ಮಾಡುವ ದಾರಿ ಸರ್ವರ್‌ನಲ್ಲಿದ್ದರೆ ಅದನ್ನೇ ಹಿಡಿಯಿರಿ. ಈ ಟೈಮ್‌ಔಟ್, ಮರುಪ್ರಯತ್ನಗಳೆಲ್ಲ ಜನರೇಟ್ ಆದ ಫೈಲ್‌ಗಳ ಹೊರಗೆ, ನೀವು ಬರೆದ ತೆಳುವಾದ ಫೈಲೊಂದರಲ್ಲಿ ಇರಲಿ. ಜನರೇಟ್ ಆದದ್ದನ್ನು ಒಂದು ಸಾಲೂ ತಿದ್ದಬೇಡಿ, ಮುಂದಿನ ಸಲ ಅದು ಅಳಿಸಿಹೋಗುತ್ತದೆ. ವಿವರಣೆಯನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿಟ್ಟು, ಜನರೇಟರ್ ಆವೃತ್ತಿಯನ್ನು ಬದಲಾಗದಂತೆ ಪಿನ್ ಮಾಡಿ, ಪ್ರತಿ ಬಿಲ್ಡ್‌ನಲ್ಲೂ ಕ್ಲೈಂಟನ್ನು ಹೊಸದಾಗಿ ತೆಗೆಯಿರಿ.